ಬ್ಯಾಸಗಿ ಮುಗಿಸಿ ಶೆಡ್ ಬಾಗ್ಲಾ ತಗದ್ರ ಡ್ರೋನ್ ಬ್ಯಾಟ್ರಿ ಉಬ್ಬಿ ಕುಂತಾವ, ಏನ್ ಮಾಡ್ಲಿ?

ತಿಕೋಟಾ ತೊಗರಿ (ವಿಜಯಪುರ) · ಜೂನ್ 3, ರಾತ್ರಿ 9:10

ಎಲ್ಲಾರಿಗೂ ನಮಸ್ಕಾರ್ರಿ. ಕಾರ ಹುಣ್ಣಿವಿ ಹತ್ರ ಬಂತು, ಇನ್ನ ಎಣ್ಣಿ ಹೊಡಿಯೂ ಕೆಲಸ ಚಾಲೂ ಆಗ್ತಾವ, ಡ್ರೋನ್ ಒಮ್ಮೆ ನೋಡೂಣು ಅಂತ ಇವತ್ತ ಪತ್ರಾಸ ಶೆಡ್ ಬಾಗ್ಲಾ ತಗದೆ. ಎದಿ ಧಸಕ್ ಅಂತು.

ನಂದು 10 ಲೀಟರಿನ ಡ್ರೋನ್. ಬ್ಯಾಟ್ರಿ 6ಎಸ್, ಅಂದ್ರ ಒಳಗ ಸಾಲಾಗಿ ಆರು ಸೆಲ್, 16000 ಎಂಎಎಚ್ (16 ಆಂಪ್ ಅವರ್). ಎರಡು ಸಿರೀಸ್‌ನ್ಯಾಗ ಕೂಡಿಸಿ ಹಾರಸೂದು. ಒಟ್ಟ ಆರು ಬ್ಯಾಟ್ರಿ, ಅಂದ್ರ ಮೂರು ಜೋಡಿ. ಡಿಸೆಂಬರ್‌ದಾಗ ಒಬ್ರು ಕಡ್ಲಿಗೆ ಕೀಡಿ ಎಣ್ಣಿ ಹೊಡಿಯಾಕ ಕರದಿದ್ರು. ಹಿಂದಿನ ರಾತ್ರಿ ಕುಂತು ಆರೂ ಬ್ಯಾಟ್ರಿ ಫುಲ್ ಮಾಡಿದ್ನಿ. ಮುಂಜಾನೆ ಫೋನ್ ಬಂತು, "ಬ್ಯಾಡ ಬಿಡ್ರಿ, ಆಳು ಸಿಕ್ರು." ಅವತ್ತಿಟ್ಟದ್ದು ಇವತ್ತ ತಗದೇನಿ.

1, 2, 4, 6ನೇ ನಂಬರು ನೋಡಾಕ ಸರಿ ಅದಾವ, ಸೆಲ್ಲಿಗೆ 4.13 ವೋಲ್ಟ್ ತೋರಸ್ತಾವ. ಮೂರನೇದು ಪೂರಿ ಉಬ್ಬಿದಂಗ ಉಬ್ಬೇತಿ, ಒತ್ತಿದ್ರ ಮೆತ್ತಗ. ಅದರ ಸೆಲ್ 4.14, 4.13, 4.14, 4.09, 4.13, 4.14. ಐದನೇದಕ್ಕ ವೋಲ್ಟೇಜ್ ನೋಡೂ ಬಜರ್ ಹಚ್ಚಿ ಹಂಗ ಬಿಟ್ಟಿದ್ದೆ. ಬಜರ್ ಸತ್ತೈತಿ. ಮೀಟರ್ ಹಿಡದ್ರ ಮೊದಲಿನ ಎರಡು ಸೆಲ್ 0.3, 0.4. ಜನವರ್ಯಾಗ ಶೆಡ್ಡಿನ್ಯಾಗ ಏನೋ ದಿನಾ ಪಿಂ ಪಿಂ ಅಂತಿತ್ತಂತ, ನಮ್ಮವ್ವ ಈಗ ಹೇಳ್ತಾಳ. ಇಲಿ ಓಡ್ಸೂ ಮಷಿನ್ ತಂದಿಟ್ಟಾನ ಅಂತ ಸುಮ್ಮನಿದ್ಲಂತ.

ಮೂರನೇದು ಹಾರಸಬಹುದಾ? ಐದನೇದು ಮತ್ತ ಚಾರ್ಜ್ ಆಗ್ತೈತಾ? ರೊಕ್ಕದ ಮಾತ ಐತಿ, ಅದಕ್ಕ ಕೇಳಾಕತ್ತೇನಿ.

ಬಣವಿ ಬಸ್ಯಾ (ಬೀಳಗಿ) · ಜೂನ್ 3, ರಾತ್ರಿ 9:31

ಸೂಜಿಲೆ ಸಣ್ಣ ತೂತ ಹಾಕಿ ಗಾಳಿ ತಗದು ಟೇಪ್ ಸುತ್ತಿ ಬಿಡು ದೋಸ್ತ. ವಿಡಿಯೋದಾಗ ನೋಡೇನಿ, ಮಸ್ತ ಚಪ್ಪಟಿ ಆಗ್ತೈತಿ.

ವೈರ್‌ಮನ್ ಕಾಕಾ (ಇಳಕಲ್) · ಜೂನ್ 3, ರಾತ್ರಿ 9:40

ಬಸ್ಯಾ, ನೀ ಮದ್ಲ ಆ ವಿಡಿಯೋ ನೋಡೂದು ಬಿಡು.

ತಿಕೋಟಾ ತಮ್ಮಾ, ಸೂಜಿ ಮುಟ್ಟಸಬ್ಯಾಡ. ಒಳಗ ತಾಮ್ರದ ಹಾಳಿ, ಅಲ್ಯೂಮಿನಿಯಂ ಹಾಳಿ ಒಂದರ ಮ್ಯಾಲ ಒಂದು ಮಡಚಿರ್ತಾವ. ನಡುವ ಕಾಗದಕ್ಕಿಂತ ತೆಳ್ಳಗಿನ ಪ್ಲಾಸ್ಟಿಕ್ ಪರದೆ. ಸೂಜಿ ಆ ಪರದೆ ದಾಟಿತಂದ್ರ ಎರಡೂ ಕೂಡ್ತಾವ, ಅಲ್ಲೇ ಶಾರ್ಟ್. ನಿಂದು ಮ್ಯಾಲ ತುಂಬಿದ್ ಬ್ಯಾಟ್ರಿ. ಕೈಯಾಗ ಹಿಡಕೊಂಡು ಚುಚ್ಚಿದವನ ಕೈ ಉಳಿಯಂಗಿಲ್ಲ. ಆ ಗಾಳೀನೂ ಬರೇ ಗಾಳಿ ಅಲ್ಲ, ಹತ್ತಿ ಉರಿಯೂದು.

ಈಗ ಮಾಡೂದು ಒಂದ. ಮೂರನೇದು, ಐದನೇದು ಎರಡೂ ಎತ್ತಿ ಮನಿ ಹೊರಗ, ನೆರಳಿನ್ಯಾಗ, ಕಣಿಕಿ ಹೊಟ್ಟು ಏನೂ ಇಲ್ಲದ ಕಡೆ ಉಸುಕಿನ ಮ್ಯಾಲ ಇಡು. ಚಾರ್ಜರ್ ಹಚ್ಚಬ್ಯಾಡ. ಉಳಿದದ್ದು ನಾಳೆ ಮಾತಾಡೂಣು.

ಓಮ್ ನಿಯಮ (ಬೆಳಗಾವಿ) · ಜೂನ್ 3, ರಾತ್ರಿ 10:25

ಕಾಕಾ ಹೇಳಿದ್ದು ಸರಿ. ಕಾರಣವನ್ನು ನಾನು ಸ್ವಲ್ಪ ಬಿಡಿಸಿ ಹೇಳುತ್ತೇನೆ. ಪಾಲಿಟೆಕ್ನಿಕ್‌ನಲ್ಲಿ ಪಾಠ ಮಾಡುವವನು, ಉದ್ದ ಆದರೆ ಕ್ಷಮಿಸಿ.

ಲಿಪೊ (ಲಿಥಿಯಂ ಪಾಲಿಮರ್) ಸೆಲ್ ತುಂಬಿದಾಗ 4.20 ವೋಲ್ಟ್. ನಡುಮಟ್ಟ 3.7. ಬಳಸದೆ ಇಡುವಾಗ ಇರಬೇಕಾದದ್ದು 3.80ರಿಂದ 3.85. ಅಂದರೆ ನಿಮ್ಮ 6ಎಸ್ ಬ್ಯಾಟರಿ ಇಡೀ 22.8ರಿಂದ 23.1 ವೋಲ್ಟ್. 3.0ಕ್ಕಿಂತ ಕೆಳಗೆ ಯಾವತ್ತೂ ಇಳಿಯಬಾರದು.

ತುಂಬಿದ ಸೆಲ್ ಅಂದರೆ ಎಳೆದು ಕಟ್ಟಿದ ಹಗ್ಗ. ಒಳಗಿನ ದ್ರಾವಣ ಆ ವೋಲ್ಟೇಜಿಗೆ ನಿಧಾನವಾಗಿ ಒಡೆಯುತ್ತಲೇ ಇರುತ್ತದೆ, ಒಡೆದಾಗ ಅನಿಲ ಹುಟ್ಟುತ್ತದೆ. ಬಿಸಿ ಹೆಚ್ಚಾದಷ್ಟೂ ಆ ಕೆಲಸ ಜೋರು. ಏಪ್ರಿಲ್, ಮೇ ತಿಂಗಳಲ್ಲಿ ವಿಜಯಪುರದ ನೆರಳಲ್ಲೇ 40 ಡಿಗ್ರಿ ದಾಟುತ್ತದೆ. ಪತ್ರಾಸದ ಕೆಳಗೆ ಎಷ್ಟಿರಬಹುದು, ನೀವೇ ಯೋಚಿಸಿ. ತುಂಬಿದ ಬ್ಯಾಟರಿ, ಐದು ತಿಂಗಳು, ಆ ಬಿಸಿ. ಮೂರನೆಯದು ಹಾರಿ ಕೆಟ್ಟದ್ದಲ್ಲ, ಕೂತು ಕೆಟ್ಟದ್ದು.

ಐದನೆಯದರ ಕಥೆ ಉಲ್ಟಾ. ಆ ಬಜರ್ ಎಳೆಯುವುದು ಕೆಲವೇ ಮಿಲಿಆಂಪ್. 10 ಮಿಲಿಆಂಪ್ ಅಂತ ಹಿಡಿದರೂ ಐದು ತಿಂಗಳಿಗೆ, ಅಂದರೆ 3600 ತಾಸಿಗೆ, 36 ಆಂಪ್ ಅವರ್. ನಿಮ್ಮ ಬ್ಯಾಟರಿಯಲ್ಲಿ ಇದ್ದದ್ದೇ 16. ಸೆಲ್ ಅಷ್ಟು ಕೆಳಗೆ ಹೋದಾಗ ಒಳಗಿನ ತಾಮ್ರ ಕರಗಿ ದ್ರಾವಣಕ್ಕೆ ಇಳಿಯುತ್ತದೆ. ಮತ್ತೆ ಚಾರ್ಜ್ ಮಾಡಿದರೆ ಅದೇ ತಾಮ್ರ ಎಲ್ಲೆಂದರಲ್ಲಿ ಕೂತು ಒಳಗೊಳಗೇ ಶಾರ್ಟ್ ಮಾಡುತ್ತದೆ. "ಚಾರ್ಜರಿನ ನಿಕ್ಕಲ್ ಬ್ಯಾಟರಿ ಮೋಡ್‌ನಲ್ಲಿ ಸ್ವಲ್ಪ ತಳ್ಳಿ ಎಬ್ಬಿಸು" ಎಂದು ಹೇಳುವವರು ಬರುತ್ತಾರೆ. ಎದ್ದರೂ ಅದನ್ನು ನಂಬುವ ಹಾಗಿಲ್ಲ. ಐದನೆಯದನ್ನು ಮರೆತುಬಿಡಿ.

ಒಂದು ಪ್ರಶ್ನೆ. ಮೂರನೆಯದು ಮಾತ್ರ ಯಾಕೆ ಉಬ್ಬಿತು? ಶೆಡ್ಡಿನಲ್ಲಿ ಯಾವುದು ಎಲ್ಲಿತ್ತು?

ತಿಕೋಟಾ ತೊಗರಿ (ವಿಜಯಪುರ) · ಜೂನ್ 3, ರಾತ್ರಿ 10:52

ಸರ್, ನೀವ್ ಕೇಳಿದ್ ಮ್ಯಾಲ ಹೋಗಿ ನೋಡಿ ಬಂದೆ. ಮೂರನೇದು ಮ್ಯಾಲಿನ ಪಳಿ ಮ್ಯಾಲ ಇತ್ತು, ಪತ್ರಾಸಕ್ಕ ಒಂದ ಮಳ ಅಂತರ. 1, 2 ನಡುವಿನ ಪಳಿ. 4, 5, 6 ಕೆಳಗ ನೆಲದ ಮ್ಯಾಲ ಪೆಟ್ಟಿಗ್ಯಾಗ. ಎಂಥಾ ಮಾತ್ರಿ ಇದು.

ಮದುವಿ ಕ್ಯಾಮರಾ (ಜಮಖಂಡಿ) · ಜೂನ್ 4, ಮುಂಜಾನೆ 7:15

ನಾ ಇದನ್ನ ಒಪ್ಪಂಗಿಲ್ಲ. ಮೂರು ವರ್ಷ ಆತು, ಮದುವಿ ಸೀಜನ್ ಮುಗಿದ್ರ ಫುಲ್ ಚಾರ್ಜ್ ಮಾಡಿ ಕಪಾಟಿನ್ಯಾಗ ಇಡತೇನಿ. ಒಂದೂ ಉಬ್ಬಿಲ್ಲ. ಸುಮ್ನ ಹೆದರಸಬ್ಯಾಡ್ರಿ ಜನರನ್ನ.

ಓಮ್ ನಿಯಮ (ಬೆಳಗಾವಿ) · ಜೂನ್ 4, ಬೆಳಿಗ್ಗೆ 8:02

ನಿಮ್ಮದು ಮಡಚುವ ಕ್ಯಾಮರಾ ಡ್ರೋನ್ ಅಲ್ಲವೆ? ಬ್ಯಾಟರಿಯ ಮೇಲೆ ಬಟನ್, ನಾಲ್ಕು ದೀಪ?

ಮದುವಿ ಕ್ಯಾಮರಾ (ಜಮಖಂಡಿ) · ಜೂನ್ 4, ಮುಂಜಾನೆ 8:10

ಹೌದ್ರಿ.

ಓಮ್ ನಿಯಮ (ಬೆಳಗಾವಿ) · ಜೂನ್ 4, ಬೆಳಿಗ್ಗೆ 8:26

ಅದರೊಳಗೆ ಒಂದು ಸಣ್ಣ ಸರ್ಕ್ಯೂಟ್ ಕಾವಲಿದೆ. ಕೆಲವು ದಿನ ಮುಟ್ಟದೆ ಬಿಟ್ಟರೆ ಅದು ತಾನೇ ಚಾರ್ಜ್ ಇಳಿಸಿಕೊಳ್ಳುತ್ತದೆ. ಆ ಹೊತ್ತಿಗೆ ಮುಟ್ಟಿ ನೋಡಿದರೆ ಸ್ವಲ್ಪ ಬೆಚ್ಚಗಿರುತ್ತದೆ. ಫುಲ್ ಇಟ್ಟು ಹದಿನೈದು ದಿನ ಬಿಟ್ಟು ಬಟನ್ ಒತ್ತಿ ನೋಡಿ, ನಾಲ್ಕೂ ದೀಪ ಹತ್ತುವುದಿಲ್ಲ. ನೀವು ಮೂರು ವರ್ಷ ಫುಲ್ ಇಟ್ಟಿಲ್ಲ, ಅದು ನಿಮಗೆ ಹೇಳದೆ ಇಳಿಸುತ್ತಿತ್ತು.

ಎಣ್ಣೆ ಹೊಡೆಯುವ ಡ್ರೋನಿನ ಸಾದಾ ಲಿಪೊ ಪ್ಯಾಕಿಗೆ ಆ ಬುದ್ಧಿ ಇಲ್ಲ. ನೀವು ಹೇಗೆ ಬಿಟ್ಟಿರಿ, ಹಾಗೇ ಕೂತಿರುತ್ತದೆ.

ನಿಮ್ಮದಕ್ಕೆ ಅಪಾಯ ಬೇರೆ ಕಡೆಯಿಂದ. ಆ ಕಾವಲು ಸರ್ಕ್ಯೂಟಿಗೂ ಚೂರು ಕರೆಂಟ್ ಬೇಕು. ಖಾಲಿ ಮಾಡಿ ಇಟ್ಟು ಮಳೆಗಾಲವಿಡೀ ಮರೆತರೆ ಒಂದು ದಿನ ಬಟನ್ ಒತ್ತಿದರೂ ಏಳುವುದಿಲ್ಲ. ಎರಡು-ಮೂರು ತಿಂಗಳಿಗೊಮ್ಮೆ ತೆಗೆದು ನೋಡಿ.

ಮದುವಿ ಕ್ಯಾಮರಾ (ಜಮಖಂಡಿ) · ಜೂನ್ 4, ಮುಂಜಾನೆ 8:33

ಈಗ ಕಪಾಟ ತಗದ್ ನೋಡಿದೆ. ಏಪ್ರಿಲ್ ಕಡೀಕ ಫುಲ್ ಮಾಡಿಟ್ಟದ್ದು, ಎರಡ ದೀಪ ಹತ್ತಾಕತ್ತಾವ. ಸೋತೆ.

ಡ್ರೋನ್ ಅಕ್ಕ (ಬೈಲಹೊಂಗಲ) · ಜೂನ್ 4, ಮಧ್ಯಾಹ್ನ 2:40

ತಿಕೋಟಾ ಅಣ್ಣಾರ, ನಿಮ್ಮ ಕಥಿ ಓದಿ ನನಗ ನನ್ನ ಮೊದಲ್ನೇ ವರ್ಷ ನೆನಪಾತು. ನಮ್ಮ ಸಂಘಕ್ಕ ನಮೋ ಡ್ರೋನ್ ದೀದಿ ಯೋಜನ್ಯಾಗ ಡ್ರೋನ್ ಬಂದೈತಿ. 80 ಪರ್ಸೆಂಟ್ ಸಬ್ಸಿಡಿ, 8 ಲಕ್ಷದ ಮಟ. ಕೂಡ ನಾಕು ಹೆಚ್ಚಿನ ಬ್ಯಾಟ್ರಿ ಸೆಟ್, 15 ದಿನದ ಟ್ರೇನಿಂಗ್. ಟ್ರೇನಿಂಗ್‌ದಾಗ ಹಾರಸೂದು ಚಲೋ ಕಲಿಸಿದ್ರು. ಬ್ಯಾಟ್ರಿ ಇಡೂದು ಒಂದ್ ತಾಸಿನ್ಯಾಗ ಮುಗಸಿದ್ರು. ನಾವೂ ತಲಿ ಅಲ್ಲಾಡಿಸಿ ಬಂದ್ವಿ.

ನಮ್ಮ ಕಡೆ ಸೋಯಾಬೀನ್ ಎಣ್ಣಿ ಹೊಡಿಯೂದು ಮಳಿಗಾಲದಾಗ. ಮುಂಜಾನೆ 6ಕ್ಕ ಹೊಲದಾಗ ಇರಬೇಕು, 10 ಆದ ಮ್ಯಾಲ ಗಾಳಿ ಏಳತೈತಿ. ಅದಕ್ಕ ಎಲ್ಲಾರೂ ಮಾಡೂದ ಮಾಡ್ತಿದ್ವಿ. ರಾತ್ರಿ ಕುಂತು ಎಲ್ಲಾ ಸೆಟ್ ಫುಲ್ ಮಾಡೂದು. ಮುಂಜಾನೆ ಎದ್ದು ನೋಡಿದ್ರ ಜಿಟಿ ಜಿಟಿ ಮಳಿ. ನಾಳೆ ಅಂದ್ರು. ನಾಳೀನೂ ಮಳಿ. ಹಿಂಗ ಒಮ್ಮೆ ಹನ್ನೆರಡು ದಿನ ಎಲ್ಲಾ ಬ್ಯಾಟ್ರಿ ತುಂಬಿಕೊಂಡ ಕುಂತಿದ್ವು. ಆ ವರ್ಷ ಎರಡು ಸೆಟ್ ದಪ್ಪಾದ್ವು.

ಹಾರಿಸಿದ್ದರಿಂದ ನನ್ನ ಒಂದೂ ಬ್ಯಾಟ್ರಿ ಹಾಳಾಗಿಲ್ರಿ. ಹಾರಸದ ಇದ್ದ ದಿನದಾಗ ಹಾಳಾದ್ವು.

ಈಗ ಹಿಂಗ ಮಾಡತೇನಿ. ರಾತ್ರಿ ಒಂದ ಸೆಟ್ ಅಷ್ಟ ಫುಲ್ ಮಾಡೂದು. ಉಳಿದವು ಎಲ್ಲಾ 3.8ರ ಮ್ಯಾಲ ಇರತಾವ. ಅದು ಅರ್ಧಕ್ಕ ಹತ್ರ ಹತ್ರ ಇರೂದರಿಂದ ಮುಂಜಾನೆ ತುಂಬಾಕ ಮುಕ್ಕಾಲು ತಾಸು ಸಾಕು. 5ಕ್ಕ ಎದ್ದು ಹೊರಗ ಬಂದು ಆಕಾಶ ನೋಡತೇನಿ. ಹೋಗೂದು ಖಾತ್ರಿ ಆದ್ರ ಎರಡನೇ ಸೆಟ್ ಚಾರ್ಜಿಗೆ ಹಾಕಿ ಚಹಾಕ್ಕ ಇಡತೇನಿ. ಮೂರನೇದು, ನಾಕನೇದು ಹೊಲದಾಗ ಜನರೇಟರ್ ಮ್ಯಾಲ.

ಯಾವುದು ತುಂಬೇತಿ ಯಾವುದು ಇಲ್ಲ ಅಂತ ಮರೀತಿತ್ತು. ಅದಕ್ಕ ಮಗಳ ಜುಟ್ಟಿನ ರಬ್ಬರ್ ತಗೊಂಡೆ. ಫುಲ್ ಆದ ಬ್ಯಾಟ್ರಿಗೆ ರಬ್ಬರ್ ಹಾಕೂದು, ಹಾರಿಸಿ ಇಳಿಸಿದ ಮ್ಯಾಲ ತಗಿಯೂದು. ರಾತ್ರಿ ಮಲಗೂ ಮುಂದ ಒಂದ ಸೆಟ್ ಬಿಟ್ಟು ಬ್ಯಾರೆ ಯಾವುದಕ್ಕೂ ರಬ್ಬರ್ ಕಾಣಬಾರದು. ಕಂಡ್ರ ಡಿಸ್ಚಾರ್ಜಿಗೆ ಹಾಕಿ ಮಲಗಂಗಿಲ್ಲ ಮತ್ತ, ಕುಂತು ಇಳಿಸಿ ಮಲಗೂದು. ಸೀರಿಯಲ್ ನೋಡಕೋಂತ.

ಇನ್ನೊಂದು. ಎರಡು ಮೂರು ದಿನ ಫುಲ್ ಇದ್ರ ಜೀವ ಹೋಗಂಗಿಲ್ಲ. ಅದಕ್ಕೂ ಗಾಬರಿ ಬೀಳಬ್ಯಾಡ್ರಿ. ವಾರ ಆಗೂದರಾಗ ಮಾತ್ರ ಇಳಸ್ರಿ.

ತಿಕೋಟಾ ತೊಗರಿ (ವಿಜಯಪುರ) · ಜೂನ್ 4, ಸಂಜೆ 6:05

ಅಕ್ಕಾರ, ರಬ್ಬರ್ ಐಡಿಯಾ ಭಾಳ ಚಲೋ ಐತಿ. ನಮ್ಮನ್ಯಾಗ ಜುಟ್ಟು ಇರೂದು ನಮ್ಮವ್ವಗ ಅಷ್ಟ, ಆಕಿ ರಬ್ಬರ್ ಹಾಕಂಗಿಲ್ಲ. ಪ್ಯಾಟ್ಯಾಗ ತರತೇನಿ.

ಈಗ 1, 2, 4, 6 ಇಳಸಬೇಕಲ್ಲ. ಚಾರ್ಜರಿನ್ಯಾಗ ಸ್ಟೋರೇಜ್ ಮೋಡಿಗೆ (ಇಡೂ ಮಟ್ಟಕ್ಕ ತರೂದು) ಹಾಕೇನಿ. ಎರಡ ತಾಸ ಆತು, 4.13 ಇದ್ದದ್ದು 4.08 ಆಗೇತಿ. ಚಾರ್ಜರ್ ಕೆಟ್ಟೈತೇನು?

ವೈರ್‌ಮನ್ ಕಾಕಾ (ಇಳಕಲ್) · ಜೂನ್ 4, ಸಂಜೆ 6:50

ಕೆಟ್ಟಿಲ್ಲ. ತುಂಬೂ ಮುಂದ ಅದು ಆನಿ, ಇಳಿಸೂ ಮುಂದ ಇರವಿ. ಸಾದಾ ಚಾರ್ಜರ್ ಇಳಸೂದು ಸುಮಾರು 20 ವ್ಯಾಟ್. ನಿನ್ನ ಬ್ಯಾಟ್ರಿ 24 ವೋಲ್ಟ್ ಹಿಡಿ, ಒಂದ ಆಂಪಿಗೂ ಕಡಿಮಿ ಆತು. 8 ಆಂಪ್ ಅವರ್ ಇಳಸಬೇಕಂದ್ರ ಹತ್ತ ತಾಸು. ನಾಕು ಬ್ಯಾಟ್ರಿಗೆ ನಾಕು ರಾತ್ರಿ.

ನಾ ಮಾಡೂದು ಹೇಳ್ತೀನಿ. ಲಾರಿ ಹೆಡ್‌ಲೈಟಿನ ಬಲ್ಬ್, 24 ವೋಲ್ಟಿಂದು. ಬೈಕಿಂದಲ್ಲ, ಕಾರಿಂದಲ್ಲ, ಅವು 12 ವೋಲ್ಟ್, ಹಚ್ಚಿದ ಕೂಡ್ಲೆ ಸುಡ್ತಾವ. ಲಾರಿದು 70 ವ್ಯಾಟಿನ ತಂತಿಗೆ ಕನೆಕ್ಟರ್ ಬೆಸುಗಿ ಹಾಕಿ ಬ್ಯಾಟ್ರಿಗೆ ಹಚ್ಚು. 3 ಆಂಪ್ ಎಳೀತೈತಿ, ಎರಡೂವರಿ ಮೂರ ತಾಸಿನ್ಯಾಗ ಸ್ಟೋರೇಜಿಗೆ ಬರತೈತಿ. ಬಲ್ಬಿನ ಎರಡೂ ತಂತಿ ಕೂಡಿಸಿ ಹಚ್ಚಿದ್ರ ಇನ್ನೂ ಲಗೂನ.

ಮೂರ ಮಾತು ನೆನಪಿಡು. ಬಲ್ಬ್ ಇಟ್ಟಿಗಿ ಮ್ಯಾಲ ಇಡು, ಕೈ ಸುಡೂವಷ್ಟು ಕಾಯ್ತೈತಿ. ಬಜರ್ ಹಚ್ಚಿ 3.8ಕ್ಕ ಸೆಟ್ ಮಾಡು, ಅದು ಒದರಿದ ಕೂಡ್ಲೆ ಎರಡೂ ಬಿಚ್ಚು, ಬಜರೂ ಬಿಚ್ಚು! ಹಚ್ಚಿ ಊಟಕ್ಕ ಹೋಗಿ ಮಲಗಿಬಿಟ್ಟಿ ಅಂದ್ರ ಐದನೇದರ ತಮ್ಮ ತಯಾರಾಗ್ತಾನ.

ಉಬ್ಬಿದ ಮೂರನೇದನ್ನೂ ಹಿಂಗ ಹೊರಗ ಇಳಸಬಹುದು, ಆದ್ರ ಅದನ್ನ ಸ್ಟೋರೇಜಿಗಲ್ಲ, ಪೂರ್ತಿ ಖಾಲಿ ಆಗೂಮಟ. ದೂರ ಕುಂತು ನೋಡು.

ಬಣವಿ ಬಸ್ಯಾ (ಬೀಳಗಿ) · ಜೂನ್ 4, ಸಂಜೆ 7:12

ಉಪ್ಪಿನ ನೀರಾಗ ಒಗದ್ರ ತಾನ ಖಾಲಿ ಆಗ್ತೈತಂತಲ್ಲ ಕಾಕಾ? ಇದು ವಿಡಿಯೋ ಅಲ್ಲ, ಗೆಳ್ಯಾ ಹೇಳಿದ್ದು.

ವೈರ್‌ಮನ್ ಕಾಕಾ (ಇಳಕಲ್) · ಜೂನ್ 4, ಸಂಜೆ 7:20

ಒಗೀಬಹುದು. ಕನೆಕ್ಟರಿನ ತುದಿ ತುಕ್ಕು ಹಿಡದು ತಿಂದು ಹೋಗ್ತೈತಿ, ಒಳಗ ಕರೆಂಟ್ ಹಂಗ ಉಳೀತೈತಿ. ನೀ ಖಾಲಿ ಆತು ಅಂತ ತಿಳಕೊಂಡು ಗುಜರಿಯವಗ ಕೊಡ್ತಿ. ಗುಳ್ಳಿ ಏಳೂ ಮುಂದ ಕ್ಲೋರಿನ್ ವಾಸನಿ ಬ್ಯಾರೆ. ಬಲ್ಬ್ ಉರದು ಆರಿದ್ದು ಕಣ್ಣಿಗೆ ಕಾಣತೈತಿ, ಅದ ಚಲೋ.

ಮುಧೋಳ ಕಬ್ಬು (ಮುಧೋಳ) · ಜೂನ್ 4, ರಾತ್ರಿ 10:45

ಬರೀಬೇಕೋ ಬ್ಯಾಡೋ ಅಂತ ನಿನ್ನೆಯಿಂದ ವಿಚಾರ ಮಾಡಾಕತ್ತಿದ್ದೆ. ಬರೀತೇನಿ, ಯಾರಿಗರೆ ಉಪಯೋಗ ಆಗ್ಲಿ.

ಹೋದ ವರ್ಷ ಕಬ್ಬಿಗೆ ಹೊಡಿಯೂ ಮುಂದ ಡ್ರೋನ್ ಬದುವಿಗೆ ಬಡದು ಬಿತ್ತು. ರೆಕ್ಕಿ ಮುರದ್ವು, ಬ್ಯಾಟ್ರಿದು ಒಂದು ಮೂಲಿ ಸ್ವಲ್ಪ ಚಪ್ಪಟಿ ಆಗಿತ್ತು. ವೋಲ್ಟೇಜ್ ಸರಿ ತೋರಿಸ್ತು. ನಡೀತೈತಿ ಅಂತ ಇಟ್ಟುಕೊಂಡೆ. ಇದು ಒಂದನೇ ತಪ್ಪು.

ಹದಿನೈದ ದಿನದ ಮ್ಯಾಲ ಅಣ್ಣನ ಮಗ ಚಾರ್ಜಿಗೆ ಹಾಕಿದ. ಚಾರ್ಜರಿನ್ಯಾಗ ಲಿಪೊ ಅಂತ ಇರತೈತಿ, ಅದರ ಕೆಳಗ ಲಿಪೊ ಎಚ್‌ವಿ ಅಂತ ಇರತೈತಿ. ಅವ ಎಚ್‌ವಿ ಒತ್ಯಾನ. ಅದು ಸೆಲ್ಲಿಗೆ 4.35 ತನಕ ತುಂಬೂ ಜಾತಿ ಬ್ಯಾಟ್ರಿಗೆ, ನಮ್ಮದು 4.20ರದ್ದು. ಚಾರ್ಜರ್ ಇದ್ದದ್ದು ದನದ ಮನ್ಯಾಗ, ಗ್ವಾದಲಿ ಕಟ್ಟಿ ಮ್ಯಾಲ. ಆ ಕಡೆ ಗ್ವಾಡಿಗೆ ಹತ್ತಿ ಕಣಿಕಿ.

ನಾ ಎಮ್ಮಿ ಹಿಂಡಾಕ ಹೋಗಿದ್ದೆ. ಮದ್ಲ ವಾಸನಿ ಬಂತು. ಕೊಳೆತ ಹಣ್ಣು, ನೇಲ್ ಪಾಲಿಶ್ ಎರಡೂ ಕೂಡಿಸಿದಂಥಾ ಸಿಹಿ ವಾಸನಿ. ಎಮ್ಮಿ ಹಗ್ಗ ಜಗ್ಗಾಕತ್ತಿತು. ತಿರುಗಿ ನೋಡಿದ್ರ ಬ್ಯಾಟ್ರಿ ನನ್ನ ಕಣ್ಣ ಮುಂದ ದಿಂಬಿನಂಗ ಆಗಾಕತ್ತೈತಿ. ಚಾರ್ಜರಿನ ಮ್ಯಾಲ 4.31 ಅಂತ ಇತ್ತು, ಆ ನಂಬರ್ ಇನ್ನೂ ಕಣ್ಣಾಗ ಐತಿ. ಗ್ವಾಡಿ ಮ್ಯಾಲಿನ ಸ್ವಿಚ್ ಬಂದ್ ಮಾಡಿದೆ. ಸಗಣಿ ಎತ್ತೂ ಸಲಿಕಿಲೆ ಬ್ಯಾಟ್ರಿ ಚಾರ್ಜರ್ ಎರಡೂ ಕೂಡೇ ಎಳದು ಅಂಗಳಕ್ಕ ಒಗದೆ. ಒಗದ ಮ್ಯಾಲ ಬುಸ್ ಅಂತು, ಬಿಳೆ ಹೊಗಿ, ಆಮ್ಯಾಲ ಗ್ಯಾಸ್ ಕಟರಿನಂಗ ಉರಿ ಬಂತು. ಮನಿ ಕಟ್ಟಾಕ ತರಿಸಿದ ಉಸುಕು ಇತ್ತು, ನಾಕು ಬುಟ್ಟಿ ಸುರುವಿದೆ. ಆರಿತು ಅಂದ್ಕೊಂಡೆ. ಹತ್ತು ನಿಮಿಷ ಬಿಟ್ಟು ಉಸುಕಿನ ಒಳಗಿಂದ ಮತ್ತ ಬುಸ್ ಅಂತು. ಒಂದೊಂದ ಸೆಲ್ ಒಂದೊಂದ ಸಲ.

ಎಮ್ಮಿ ಉಳೀತು, ಕಣಿಕಿ ಉಳೀತು. ಎರಡ ನಿಮಿಷ ತಡ ಆಗಿದ್ರ ಅಂತ ಈಗೂ ಎಚ್ಚರ ಆಗತೈತಿ ರಾತ್ರಿ.

ಸಾಂಬ್ರಾ ಹುಡುಗ (ಬೆಳಗಾವಿ) · ಜೂನ್ 4, ರಾತ್ರಿ 11:03

ಅಣ್ಣಾ, ನೀರು ಹಾಕಲಿಲ್ಲ ಅಲ್ಲ, ಬಚಾವ್. ಲಿಥಿಯಂ ನೀರಿಗೆ ಸ್ಫೋಟ ಆಗುತ್ತೆ ಅಂತ ಪಿಯುಸಿ ಕೆಮಿಸ್ಟ್ರಿಯಲ್ಲೇ ಇದೆ.

ಓಮ್ ನಿಯಮ (ಬೆಳಗಾವಿ) · ಜೂನ್ 5, ಬೆಳಿಗ್ಗೆ 7:40

ಪಿಯುಸಿಯಲ್ಲಿ ಓದಿದ್ದು ಲಿಥಿಯಂ ಲೋಹದ ಬಗ್ಗೆ. ಈ ಬ್ಯಾಟರಿಗಳಲ್ಲಿ ಲಿಥಿಯಂ ಇರುವುದು ಅಯಾನು ರೂಪದಲ್ಲಿ, ಗ್ರಾಫೈಟ್ ಮತ್ತು ಲೋಹದ ಆಕ್ಸೈಡಿನ ಪದರಗಳ ನಡುವೆ. ಇದಕ್ಕೆ ಮುಖ್ಯವಾಗಿ ಬೇಕಾದದ್ದು ತಂಪು, ತಂಪು ಕೊಡುವುದು ಬೇಕಾದಷ್ಟು ನೀರು. ಪುಡಿಯ ಸಿಲಿಂಡರ್ ಜ್ವಾಲೆ ಆರಿಸುತ್ತದೆ, ಒಳಗಿನ ಬಿಸಿ ಹಾಗೇ ಉಳಿದು ಪಕ್ಕದ ಸೆಲ್ಲಿಗೆ ದಾಟುತ್ತದೆ. ಉಸುಕೂ ಹಾಗೆಯೇ, ಕಿಡಿ ಹಾರದಂತೆ ಹಿಡಿಯುತ್ತದೆ, ತಂಪು ಮಾಡುವುದಿಲ್ಲ. ಮುಧೋಳದವರಿಗೆ ಎರಡನೇ ಸಲ ಬುಸ್ ಅಂದದ್ದು ಅದಕ್ಕೇ. ಆದರೆ ಗೋಡೆಯ ಕರೆಂಟ್ ತೆಗೆಯದೆ ನೀರು ಎರಚಬೇಡಿ. ಹೊಗೆಯಲ್ಲಿ ಹೈಡ್ರೋಜನ್ ಫ್ಲೋರೈಡ್ ಎಂಬ ವಿಷ ಅನಿಲ ಇರುತ್ತದೆ, ಗಾಳಿ ಬರುವ ದಿಕ್ಕಿನಲ್ಲೇ ನಿಲ್ಲಿ.

ಸಲಿಕೆಯಿಂದ ಎಳೆದು ಹಾಕಿದ್ದು ನಿಮ್ಮ ಧೈರ್ಯ, ಎಲ್ಲರಿಗೂ ಹೇಳಿಕೊಡುವ ವಿಧಾನ ಅಲ್ಲ. ಬಿದ್ದ ಬ್ಯಾಟರಿಯನ್ನು ಹೊರಗೇ ಇಟ್ಟಿದ್ದರೆ, ಚಾರ್ಜರ್ ಬಯಲಲ್ಲಿ ಇದ್ದಿದ್ದರೆ ಸಲಿಕೆ ಬೇಕಾಗುತ್ತಿರಲಿಲ್ಲ.

ಸಾಂಬ್ರಾ ಹುಡುಗ (ಬೆಳಗಾವಿ) · ಜೂನ್ 5, ಬೆಳಿಗ್ಗೆ 9:15

ಸರಿ ಸರ್, ತಿದ್ದಿಕೊಂಡೆ. ನಾನು ಸಣ್ಣ ರೇಸಿಂಗ್ ಡ್ರೋನ್ ಹಾರಿಸುವವನು, ಪ್ಯಾರಲಲ್ ಬೋರ್ಡ್‌ನಲ್ಲಿ ಆರು ಬ್ಯಾಟರಿ ಒಟ್ಟಿಗೆ ಚಾರ್ಜ್ ಮಾಡ್ತೀನಿ. ದೊಡ್ಡವರು ಅದನ್ನೇ ಮಾಡಬಹುದಾ?

ವೈರ್‌ಮನ್ ಕಾಕಾ (ಇಳಕಲ್) · ಜೂನ್ 5, ಬೆಳಿಗ್ಗೆ 9:50

ಒಂದು 4.1, ಒಂದು 3.7 ಇದ್ದಾಗ ಪ್ಯಾರಲಲ್ ಕೂಡಿಸಿದ್ರ ಚಾರ್ಜರ್ ಹಚ್ಚೂಕಿಂತ ಮದ್ಲ ತುಂಬಿದ್ದು ಖಾಲಿದಕ್ಕ ಸುರೀತೈತಿ. ಸಣ್ಣ ಬ್ಯಾಟ್ರ್ಯಾಗ ಕನೆಕ್ಟರ್ ಕರ್ರಗ ಆಗಿ ಬಿಡತೈತಿ. 16000ದಾಗ ಏನಾಗತೈತಿ ಅಂತ ನೋಡೂ ಆಸಿ ನನಗಿಲ್ಲ. ದೊಡ್ಡ ಬ್ಯಾಟ್ರಿಗೆ ಎರಡು ಚಾನೆಲ್ ಚಾರ್ಜರ್, ಎಲ್ಲಾ ಸೆಲ್ ಸಮ ತುಂಬೂ ಬ್ಯಾಲೆನ್ಸ್ ವೈರ್ ಹಚ್ಚಿ, 1ಸಿಲೆ. 16000ಕ್ಕ 16 ಆಂಪ್. ಹಂಗ ಎರಡು ಒಮ್ಮೆಲೆ ಅಂದ್ರ ಕಡೀಕ 800 ವ್ಯಾಟ್ ಬ್ಯಾಟ್ರಿ ಕಡೆ, ಗ್ವಾಡಿ ಕಡೆ ಇನ್ನೂ ಹೆಚ್ಚು. ಹಳೇ ಮನಿ 5 ಆಂಪಿನ ಸಾಕೆಟ್ಟಿಗೆ ಹಾಕಬ್ಯಾಡ್ರಿ, ಪ್ಲಗ್ ಕರಗಬಹುದು.

ತಿಕೋಟಾ ತೊಗರಿ (ವಿಜಯಪುರ) · ಜೂನ್ 8, ರಾತ್ರಿ 8:30

ಬಲ್ಬ್ ಪದ್ಧತಿ ಮಸ್ತ ಆತು ಕಾಕಾ. ನಾಕೂ 3.83ಕ್ಕ ತಂದೆ. ಬಲ್ಬ್ ತರಾಕ ಹೋದ್ರ ಅಂಗಡ್ಯಾಂವ "ಲಾರಿ ಯಾವಾಗ ತಗೊಂಡಿ" ಅಂದ.

ಚಾರ್ಜರಿನ್ಯಾಗ ಇಂಟರ್ನಲ್ ರೆಸಿಸ್ಟೆನ್ಸ್ (ಸೆಲ್ಲಿನ ಒಳಗಿನ ಪ್ರತಿರೋಧ) ನೋಡೂದು ಐತಿ ಅಂತ ಮೊನ್ನೆ ಗೊತ್ತಾತು. ಒಂದನೇದು ಎಲ್ಲಾ ಸೆಲ್ 2.1, 2.2 ಮಿಲಿಓಮ್. ಎರಡನೇದು ಹಂಗ, ಒಂದು ಸೆಲ್ 2.9. ನಾಕನೇದು 1.8, ಆರನೇದು 1.9. ಖಾಲಿ ಮಾಡೂ ಮೊದಲ ಮೂರನೇದೂ ನೋಡಿದ್ದೆ, ನಾಕನೇ ಸೆಲ್ 9. ಇದರ ಅರ್ಥ ಏನ್ರಿ ಸರ್?

ಓಮ್ ನಿಯಮ (ಬೆಳಗಾವಿ) · ಜೂನ್ 8, ರಾತ್ರಿ 9:20

ನನ್ನ ಹೆಸರಿಗೆ ತಕ್ಕ ಪ್ರಶ್ನೆ.

ಟ್ಯಾಂಕ್ ತುಂಬಿಸಿ ಮೇಲೇರುವಾಗ ನಿಮ್ಮ ಡ್ರೋನ್ 90 ಆಂಪ್ ಎಳೆಯುತ್ತದೆ ಎಂದು ಇಟ್ಟುಕೊಳ್ಳಿ. 2 ಮಿಲಿಓಮ್ ಸೆಲ್ಲಿನಲ್ಲಿ ಕಳೆದುಹೋಗುವುದು 0.18 ವೋಲ್ಟ್. 9 ಮಿಲಿಓಮ್ ಸೆಲ್ಲಿನಲ್ಲಿ 0.81. ಅಂದರೆ ನೆಲದ ಮೇಲೆ 3.8 ತೋರಿಸುವ ಸೆಲ್ ಗಾಳಿಯಲ್ಲಿ 3.0ಕ್ಕೆ ಕುಸಿಯುತ್ತದೆ. ಉಳಿದ ಹನ್ನೊಂದು ಸೆಲ್ ಚೆನ್ನಾಗಿರುವುದರಿಂದ ಒಟ್ಟು ವೋಲ್ಟೇಜ್ ನೋಡಿದವರಿಗೆ ಅದು ಗೊತ್ತೇ ಆಗುವುದಿಲ್ಲ. ಬಿಸಿಯ ಲೆಕ್ಕ ಇನ್ನೂ ಜೋರು. 90ರ ವರ್ಗ 8100, ಅದನ್ನು 0.009ರಿಂದ ಗುಣಿಸಿದರೆ 73 ವ್ಯಾಟ್, ಒಂದೇ ಸೆಲ್ಲಿನೊಳಗೆ. ಕಾಕಾ ಬೆಸುಗೆ ಹಾಕುವ ಸಣ್ಣ ಕಬ್ಬಿಣ 25 ವ್ಯಾಟ್. ಅಂಥ ಮೂರು ಕಬ್ಬಿಣವನ್ನು ಬ್ಯಾಟರಿಯೊಳಗೆ ಸಿಕ್ಕಿಸಿ ತೊಗರಿ ಹೊಲದ ಮೇಲೆ ಹಾರಿಸಿದ ಹಾಗೆ. ಮೊದಲ ದಿನ ನೀವು ಕೇಳಿದ್ದಿರಲ್ಲ, ಮೂರನೆಯದು ಹಾರಿಸಬಹುದಾ ಎಂದು.

4 ಮತ್ತು 6 ಹೊಸ ಜೋಡಿ ಮಾಡಿ. ಒಂದೇ ವಯಸ್ಸು, ಒಂದೇ ಪ್ರತಿರೋಧ, ಹೊಂದುತ್ತವೆ. ಮೇಲೆ ನಂಬರ್ ಬರೆದು ಯಾವತ್ತೂ ಬಿಡಿಸಬೇಡಿ. ಹೊಸದನ್ನು ತಂದು ಹಳೆಯದರ ಜೊತೆ ಸಿರೀಸ್ ಮಾಡಬೇಡಿ, ಹಳೆಯದು ಮೊದಲು ಖಾಲಿಯಾಗಿ ಹೊಸದು ಅದನ್ನು ಎಳೆದಾಡುತ್ತದೆ. ಎರಡನೆಯದರ 2.9ರ ಸೆಲ್ ಮೇಲೆ ಕಣ್ಣಿಡಿ. ಪ್ರತಿ ಸಲ ಒಂದೇ ಮಟ್ಟದ ಚಾರ್ಜ್, ಒಂದೇ ತಂಪಿನಲ್ಲಿ ಅಳೆದರೆ ಮಾತ್ರ ಹೋಲಿಸಲು ಬರುತ್ತದೆ.

ಮುಧೋಳ ಕಬ್ಬು (ಮುಧೋಳ) · ಜೂನ್ 9, ಮುಂಜಾನೆ 6:50

ಬ್ಯಾಸಗ್ಯಾಗ ಎಲ್ಲಿ ಇಡೂದು ಅಂತ ಯಾರೂ ಹೇಳವಲ್ರಿ. ನಮ್ಮಪ್ಪ ಹಗೇವಿನ್ಯಾಗ ಇಡು ಅಂತಾನ. ಜ್ವಾಳ ವರ್ಷಗಟ್ಲೆ ಕೆಡಂಗಿಲ್ಲ, ಇದೇನ್ ಕೆಡತೈತಿ ಅಂತ. ನಮ್ಮಾಕಿ ಫ್ರಿಜ್ಜಿನ್ಯಾಗ ಇಟ್ರ ತವರಿಗೆ ಹೋಗ್ತೇನಿ ಅಂತಾಳ.

ಡ್ರೋನ್ ಅಕ್ಕ (ಬೈಲಹೊಂಗಲ) · ಜೂನ್ 9, ಮುಂಜಾನೆ 9:30

ವೈನಿ ಹೇಳಿದ್ದು ಸರಿ ಐತಿ. ಹಾಲು ಮೊಸರಿನ ಜೋಡಿ ಅದ್ಯಾಕ. ತಂಪು ಒಳ್ಳೇದ, ಆದ್ರ ಹೊರಗ ತಗದ ಕೂಡ್ಲೆ ಮ್ಯಾಲ ನೀರು ಹನಿ ಕೂಡತೈತಿ, ಹಂಗ ಚಾರ್ಜಿಗೆ ಹಾಕಿದ್ರ ಕನೆಕ್ಟರ್ ಕೆಡತೈತಿ. 3.8 ಮಾಡಿ ಇಟ್ಟಿದ್ರ ಫ್ರಿಜ್ ಬೇಕಾಗಂಗಿಲ್ರಿ. ಹಗೇವು ಬ್ಯಾಡ. ಗಾಳಿ ಆಡಂಗಿಲ್ಲ, ಏನರೆ ಆದ್ರ ಇಳದು ತಗಿಯಾಕ ಬರೂದಿಲ್ಲ.

ನಿಮ್ಮ ಕಡೆ ಮಣ್ಣಿನ ಮಾಳಿಗಿ ಮನಿ ಇನ್ನೂ ಅದಾವಲ್ಲ, ಅದರ ಒಳಗಿನ ಖೋಲಿ, ಬಡಗಣ ಗ್ವಾಡಿ ಕಡೆ, ನೆಲದ ಮ್ಯಾಲ. ಅದರಷ್ಟು ತಂಪು ಬ್ಯಾರೆ ಇಲ್ಲ. ಮಲಗೂ ಖೋಲಿ ಆಗಬಾರದು ಅಷ್ಟ. ನಾ ದೊಡ್ಡ ಮಣ್ಣಿನ ಹರವಿ ತಳಕ್ಕ ಉಸುಕು ಹಾಕಿ ಒಂದೊಂದ ಹರವಿಗೆ ಒಂದೊಂದ ಜೋಡಿ ಇಡತೇನಿ, ಬಾಯಿಗೆ ಸಡಿಲ ಹಂಚು ಮುಚ್ಚಿ. ಗಟ್ಟಿ ಮುಚ್ಚಿದ ಕಬ್ಬಿಣ ಪೆಟ್ಟಿಗಿ ಬ್ಯಾಡ. ಹೊಗಿ ಹೊರಗ ಬರಾಕ ಹಾದಿ ಇರದಿದ್ರ ಪೆಟ್ಟಿಗೀನ ಬಾಂಬ್ ಆಗತೈತಿ. ತಿಂಗಳಿಗೊಮ್ಮೆ, ಅಮಾಸಿ ದಿನ, ಎಲ್ಲಾ ತಗದು ಮೀಟರ್ ಹಿಡದು ಹಾಲಿನ ಲೆಕ್ಕದ ಬುಕ್ಕಿನ್ಯಾಗ ಬರೀತೇನಿ. ಅಮಾಸಿ ಯಾಕಂದ್ರ ಆ ದಿನ ಎತ್ತು ಹೂಡಂಗಿಲ್ಲ, ಮನ್ಯಾಗ ಎಲ್ಲಾರೂ ಇರತಾರ, ಯಾರರೆ ನೆನಪ ಮಾಡತಾರ.

ಮುಧೋಳ ಕಬ್ಬು (ಮುಧೋಳ) · ಜೂನ್ 9, ಮುಂಜಾನೆ 10:05

ಹೊಲದಾಗ ಹಾರಿಸಿ ಇಳಿಸಿದ ಬ್ಯಾಟ್ರಿ ಕೈ ಚುರ್ ಅನ್ನೂಹಂಗ ಇರತೈತಲ್ರಿ, ಅದನ್ನ ನೀರಾಗ ಅದ್ದಬಹುದಾ?

ಡ್ರೋನ್ ಅಕ್ಕ (ಬೈಲಹೊಂಗಲ) · ಜೂನ್ 9, ಮುಂಜಾನೆ 10:20

ಅದ್ದಬ್ಯಾಡ್ರಿ. ಬೇವಿನ ಗಿಡದ ಕೆಳಗ ಹೊರಸಿನ ಮ್ಯಾಲ ಬಿಡಿಬಿಡಿಯಾಗಿ ಇಡ್ರಿ, ಕೆಳಗಿಂದೂ ಗಾಳಿ ಆಡತೈತಿ. ಸುತ್ತ ಹಸಿ ಗೋಣಿಚೀಲ ಪರದೆಗತೆ ಕಟ್ರಿ, ಬ್ಯಾಟ್ರಿಗೆ ಹತ್ತಬಾರದು. ನಿಮ್ಮ ಒಣ ಹವಾಕ್ಕ ಅದು ಕೂಲರಿನಂಗ ಕೆಲಸ ಮಾಡತೈತಿ, ನಮ್ಮ ಮಳಿಗಾಲಕ್ಕ ಬರೂದಿಲ್ಲ. ಮುಂಗೈ ಹಿಂದಿನ ಕಡೆ ಹಚ್ಚಿ ನೋಡಿ, ಬೆಚ್ಚಗ ಅನಸಲಿಲ್ಲ ಅಂದ್ರ ಆಗ ಚಾರ್ಜಿಗೆ ಹಾಕೂದು. ಇಪ್ಪತ್ತ ನಿಮಿಷರೆ ಬೇಕು. ಅದಕ್ಕ ನಾಕು ಜೋಡಿ ಇಲ್ಲದ ಹೊಲದಾಗ ಸುತ್ತು ಕೂಡಂಗಿಲ್ಲ. ಒಂದು ಹಾರೂದು, ಒಂದು ಆರೂದು, ಎರಡು ತುಂಬೂದು.

16000 ಇದ್ರ 12800 ಮಾತ್ರ ಬಳಸ್ರಿ. ಇಳಿಸಿ ಐದು ನಿಮಿಷ ಬಿಟ್ಟು ನೋಡಿದಾಗ ಸೆಲ್ಲಿಗೆ 3.7 ಇರಬೇಕು. "ಇನ್ನೊಂದ ಸಾಲು ಉಳದೈತಿ ಅಕ್ಕಾರ, ಮುಗಿಸೇ ಬಿಡ್ರಿ" ಅಂತಾರ ರೈತರು. ಆ ಒಂದ ಸಾಲು ಭಾಳ ತುಟ್ಟಿ ಬೀಳತೈತಿ.

ಮದುವಿ ಕ್ಯಾಮರಾ (ಜಮಖಂಡಿ) · ಜೂನ್ 10, ಸಂಜೆ 5:00

ನಡುವ ಒಂದ್ ಮಾತು. ಮುಂದಿನ ವಾರ ಸಾಂಬ್ರಾದಿಂದ ವಿಮಾನದಾಗ ಬೆಂಗಳೂರಿಗೆ ಹೊಂಟೇನಿ, ಶೂಟಿಂಗ್ ಐತಿ. ಬ್ಯಾಟ್ರಿ ಬಿಡ್ತಾರ?

ಓಮ್ ನಿಯಮ (ಬೆಳಗಾವಿ) · ಜೂನ್ 10, ಸಂಜೆ 5:35

ಬ್ಯಾಟರಿಯ ಮೇಲೆ ವ್ಯಾಟ್ ಅವರ್ ಬರೆದಿರುತ್ತದೆ, 100ರ ಒಳಗಿದ್ದರೆ ಕೈಚೀಲದಲ್ಲಿ ಒಯ್ಯಬಹುದು. 100ರಿಂದ 160ರ ತನಕ ವಿಮಾನದವರ ಒಪ್ಪಿಗೆ ಬೇಕು, ಎರಡಕ್ಕಿಂತ ಹೆಚ್ಚಿಲ್ಲ. ಲಗೇಜಿಗೆ ಹಾಕುವಂತಿಲ್ಲ. ತುದಿಗಳಿಗೆ ಟೇಪ್ ಹಚ್ಚಿ, ಪೂರ್ತಿ ತುಂಬಬೇಡಿ. ತಿಕೋಟಾದವರ ಪ್ಯಾಕ್ 22.2 ಗುಣಿಸು 16, ಅಂದರೆ 355. ಅದಕ್ಕೆ ಪ್ರಯಾಣಿಕರ ವಿಮಾನವೇ ಇಲ್ಲ.

ತಿಕೋಟಾ ತೊಗರಿ (ವಿಜಯಪುರ) · ಜೂನ್ 12, ರಾತ್ರಿ 9:00

ಮೂರನೇದು ಹೊರಗ ಬಲ್ಬಿಗೆ ಹಚ್ಚಿ ಪೂರ್ತಿ ಆರಿಸಿದೆ. ಐದನೇದೂ ಸೊನ್ನೆ ಆಗೇತಿ. ಗುಜರಿಯಾಂವ ಓಣ್ಯಾಗ ಬಂದಿದ್ದ, ಕಿಲೋಕ್ಕ ಇಷ್ಟು ಅಂದ. ಕೊಡ್ಲೇನು?

ವೈರ್‌ಮನ್ ಕಾಕಾ (ಇಳಕಲ್) · ಜೂನ್ 12, ರಾತ್ರಿ 9:18

ಕೊಡಬ್ಯಾಡ. ಅಂವ ತಾಮ್ರದ ಆಸೆಗೆ ಸುತ್ತಿಗಿಲೆ ಬಡೀತಾನ, ಬಾಜೂಕ ಅವನ ಸಣ್ಣ ಹುಡುಗೂರು ಕುಂತಿರ್ತಾವ. 2022ರ ಬ್ಯಾಟ್ರಿ ತ್ಯಾಜ್ಯ ನಿಯಮ ಅಂತ ಐತಿ, ಮಾರಾಟಕ್ಕ ತಂದ ಕಂಪನ್ಯಾವ್ರ ಹಳೇದು ವಾಪಸ್ ತಗೊಳೂ ಜವಾಬ್ದಾರಿ ಹೊರಬೇಕು. ಹೊಸ ಜೋಡಿ ತಗೊಳಾಕ ಹೋಗ್ತಿಯಲ್ಲ, ಡೀಲರ್ ಮುಂದ ಹಳೇವು ಇಟ್ಟು ಕೇಳು. ವೈರ್ ಒಂದೊಂದ ಕತ್ತರಿಸಿ ಒಂದೊಂದಕ್ಕ ಟೇಪ್ ಸುತ್ತು, ಎರಡೂ ಕೂಡಿ ಒಮ್ಮೆಲೆ ಕತ್ತರಿ ಹಾಕಬ್ಯಾಡ.

ತಿಕೋಟಾ ತೊಗರಿ (ವಿಜಯಪುರ) · ಜೂನ್ 27, ರಾತ್ರಿ 8:15

ಡೀಲರ್ ಮದ್ಲ ಮುಖ ಸಣ್ಣ ಮಾಡಿದ, ನಿಯಮ ಅಂದ ಮ್ಯಾಲ ಇಟ್ಟುಕೊಂಡ. ಹೊಸ ಜೋಡಿ ಒಂದ ತಂದೆ. ಈಗ ಮೂರು ಜೋಡಿ, ನಾಕನೇದಕ್ಕ ತೊಗರಿ ಬರಲಿ.

ಇವತ್ತ ಮೊದಲ್ನೇ ಸಲ ಹೊಲಕ್ಕ ಹೋಗಿದ್ದೆ. ರಾತ್ರಿ ಒಂದ ಜೋಡಿ, ಮುಂಜಾನೆ ಒಂದ ಜೋಡಿ ತುಂಬಿಸಿದ್ದೆ, ಅಕ್ಕಾರ ಹೇಳಿದಂಗ. ಹೊಸ್ದಾಗಿ ಕೂಡಿಸಿದ 4-6 ಜೋಡಿ ಹಾರಿಸಿದೆ, ಇಳಿಸಿ ಐದು ನಿಮಿಷಕ್ಕ ನೋಡಿದ್ರ ಎಲ್ಲಾ ಸೆಲ್ 3.72, 3.73. ಎರಡನೇ ಜೋಡಿ ಹಚ್ಚಬೇಕನ್ನೂದರಾಗ ಪಡವಣ ಮೋಡ ಕಟ್ಟಿ ಮಳಿ ಹನೀತು. ಓಡಿ ಬಂದ್ವಿ. ನಾಳೆ ನಾಡದ್ದು ಕೆಲಸ ಇಲ್ಲ, ಮ್ಯಾಲ ಎರಡು ಬ್ಯಾಟ್ರಿ ರಬ್ಬರ್ ಹಾಕ್ಕೊಂಡ ಕುಂತಾವ.

ಈಗ ಕಟ್ಟಿ ಮ್ಯಾಲ ಇಟ್ಟಿಗಿ ಇಟ್ಟು ಬಲ್ಬ್ ಹಚ್ಚೇನಿ. ಕರೆಂಟ್ ಹೋಗೇತಿ, ನಮ್ಮವ್ವ ಅದರ ಬೆಳಕಿನ್ಯಾಗ ಮೆಂತೆ ಪಲ್ಯ ಸೋಸಾಕತ್ತಾಳ. ಬಜರ್ ಒದರಿದ್ರ ಹೇಳು ಅಂದೇನಿ. 3.94 ಐತಿ ಸದ್ಯಕ್ಕ.